ಹೊರಗಿನ ಶಬ್ದ

ಜೂನ್ ೩, ಮಂಗಳವಾರ

ಅಲ್ಲ, ನಿನ್ನೆ ಬರೆದದ್ದು ಪೂರ್ತಿ ಸರಿಯಲ್ಲ. ಹೆಡ್‌ಫೋನ್ ಬೇಡ ಅಂತ ನಾನು ಅಂದದ್ದು ಸಿಟ್ಟಿನಿಂದಲ್ಲ. ಕಿವಿ ಹಿಂಡಿಸಿಕೊಳ್ಳುವುದನ್ನು ಪ್ರೈಮರಿ ಶಾಲೆಯಲ್ಲೇ ಮುಗಿಸಿ ಬಂದವನು ನಾನು, ಈ ವಯಸ್ಸಿನಲ್ಲಿ ಮತ್ತೆ ಯಾಕೆ ಅಂತ, ಅಷ್ಟೇ. ಮಗಳು ನಗಲಿಲ್ಲ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, "ಆ ಹಳೇ ಸ್ಪೀಕರಲ್ಲಿ ಅಮ್ಮನ ಧ್ವನಿ ಡಬ್ಬಿಯೊಳಗಿಂದ ಬಂದ ಹಾಗಿರತ್ತೆ ಅಪ್ಪಾ. ಕೆಲಸ ಒಪ್ಕೊಂಡಿದ್ದೀರಲ್ಲ, ಕಿವಿಗೊಟ್ಟು ಮಾಡಿ" ಅಂದು ಹೊರಟೇಹೋದಳು.

ಒಪ್ಪಿಕೊಂಡ ಕೆಲಸ ಏನೆಂದು ಇಲ್ಲಿ ಬರೆದಿಡುವುದು ಒಳ್ಳೆಯದು. ಯಾವುದನ್ನಾದರೂ ನಾನೇ ಎರಡು ಸಲ ಹೇಳಿಕೊಂಡರೇ ನನ್ನ ತಲೆಗೆ ಇಳಿಯುವುದು. ನಮ್ಮವಳು ಹನ್ನೊಂದು ವರ್ಷ ಕಣ್ಣು ಕಾಣದವರ ಗ್ರಂಥಾಲಯಕ್ಕೆ ಪುಸ್ತಕ ಓದಿ ರೆಕಾರ್ಡ್ ಮಾಡಿ ಕೊಡುತ್ತಿದ್ದಳು. ಮನೆಯ ಚಿಕ್ಕ ಕೋಣೆ, ಕಿಟಕಿಗೆ ದಪ್ಪ ರಗ್ಗು, ಮೇಜು, ಅಂಗೈಯಗಲದ ರೆಕಾರ್ಡರ್. ಓದುವಾಗ ತಪ್ಪಾದರೆ, ಇಲ್ಲವೇ ಮಧ್ಯೆ ಏನಾದರೂ ಸದ್ದು ಬಂದರೆ, ಪೆನ್ಸಿಲ್ಲಿನಿಂದ ಮೇಜಿಗೆ ಎರಡು ಸಲ ತಟ್ಟಿ, ಆ ವಾಕ್ಯವನ್ನು ಮೊದಲಿನಿಂದ ಓದುತ್ತಿದ್ದಳು. ಪುಸ್ತಕ ಮುಗಿದ ಮೇಲೆ ಎಲ್ಲವನ್ನೂ ತಾನೇ ಕೇಳಿ, ಟಕ್ ಟಕ್ ಎಲ್ಲೆಲ್ಲಿದೆ, ಯಾಕೆ ಅಂತ ಒಂದು ಪಟ್ಟಿ ಬರೆದುಕೊಡುವುದು ಅಲ್ಲಿನ ಪದ್ಧತಿ. ಪಟ್ಟಿ ಹಿಡಿದು ಗ್ರಂಥಾಲಯದ ಒಬ್ಬರು ಕತ್ತರಿಸಿ ಜೋಡಿಸುತ್ತಾರೆ. ಅವರನ್ನು ನಾನು ಕತ್ತರಿ ಅಂತಲೇ ಕರೆಯುವುದು, ಎದುರಿಗೂ. ಅವರು ಬೇಜಾರು ಮಾಡಿಕೊಂಡದ್ದಿಲ್ಲ.

ನಲವತ್ತು ಪುಸ್ತಕ ಹಾಗೆ ಹೊರಬಂದವು. ನಲವತ್ತೊಂದನೆಯದು ಸರ್ಕಸ್ಸಿನಲ್ಲಿ ಅಡುಗೆ ಮಾಡುತ್ತಿದ್ದವನೊಬ್ಬನ ಆತ್ಮಕಥೆ, ಇಪ್ಪತ್ತೆರಡು ಅಧ್ಯಾಯ. ಓದಿ ಮುಗಿಸಿದ್ದಳು, ಪಟ್ಟಿ ಮಾಡಿರಲಿಲ್ಲ. ಹೋದ ವರ್ಷವಲ್ಲ, ಅದರ ಹಿಂದಿನ ವರ್ಷದ ಮಾತು. ಆ ಸೆಪ್ಟೆಂಬರಿನಲ್ಲಿ ಮೊಮ್ಮಗಳು ಹುಟ್ಟಿದಳು, ಅಜ್ಜಿಗೆ ಪುರುಸೊತ್ತು ಮುಗಿಯಿತು. ಆಮೇಲೆ ಅಜ್ಜಿಯೇ ಮುಗಿದಳು. ಕತ್ತರಿ ಬಂದು, "ಬೇರೆಯವರಿಗೆ ಕೊಡಬಹುದು ಸಾರ್, ಆದ್ರೆ ಮೇಡಂ ಧ್ವನಿ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಅಂದರು. ಆಫ್ ಕೋರ್ಸ್ ಅಂದೆ. ಈ ತಿಂಗಳ ಕೊನೆಗೆ ಬೇಕಂತೆ.

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಮೂವತ್ತೊಂದು ವರ್ಷ ಕೂತವನಿಗೆ ಇದೇನು ದೊಡ್ಡ ಕೆಲಸ! ಜನ ಬಾಯಿ ತೆರೆಯುವ ಮೊದಲೇ ಅವರು ಎಲ್ಲಿಗೆ ಹೊರಟಿದ್ದಾರೆ ಅಂತ ನನಗೆ ಗೊತ್ತಾಗುತ್ತಿತ್ತು. ಪ್ರಶ್ನೆ ಮುಗಿಯುವುದರೊಳಗೆ ಉತ್ತರ, ಪ್ಲಾಟ್‌ಫಾರ್ಮ್ ನಂಬರ್ ಸಮೇತ. ನನ್ನ ಕಿಟಕಿಯ ಮುಂದೆ ಸಾಲೇ ನಿಲ್ಲುತ್ತಿರಲಿಲ್ಲ.

ಪೆಟ್ಟಿಗೆಯೊಳಗೆ ಒಂದು ಚೀಟಿ ಇದೆ. ಹೊಸ ಹೆಡ್‌ಫೋನನ್ನು ನೂರು ಗಂಟೆ ಬ್ರೇಕ್ ಇನ್ ಮಾಡಬೇಕಂತೆ. ನಮ್ಮ ಕಾಲೇಜಿನ ಇಂಗ್ಲಿಷಿನಲ್ಲಿ ಬ್ರೇಕ್ ಇನ್ ಅಂದರೆ ಬೀಗ ಮುರಿದು ಮನೆ ನುಗ್ಗುವುದು. ಅಂಗಡಿಯವನು ಮಗಳಿಗೆ ವಿವರಿಸಿದನಂತೆ: ಹೊಸ ಚಪ್ಪಲಿ ಇದ್ದ ಹಾಗೆ, ಸುಮ್ಮನೆ ಏನಾದರೂ ಹಾಕಿ ಓಡಿಸುತ್ತಿರಬೇಕು, ಪಳಗಿದ ಮೇಲೆ ಧ್ವನಿ ಬಿಚ್ಚಿಕೊಳ್ಳುತ್ತದೆ.

ಜೂನ್ ೫, ಗುರುವಾರ

ಚಪ್ಪಲಿಯೇ ಸರಿ, ಕಚ್ಚುತ್ತದೆ. ಹತ್ತು ನಿಮಿಷಕ್ಕೆ ಕಿವಿಯ ಮೇಲ್ಭಾಗ ಕೆಂಪಗಾಯಿತು. ಸಡಿಲವಾಗಲಿ ಅಂತ ನನ್ನ ಕಾಲೇಜಿನ ನಿಘಂಟಿಗೆ ತೊಡಿಸಿದೆ. ಅದು ಸಾಲದೆ ಮೇಲೊಂದು ಹಳೆಯ ಬಸ್ ವೇಳಾಪಟ್ಟಿ ಸೇರಿಸಿದೆ. ಹಾಗೇ ಅವಳ ರೆಕಾರ್ಡಿಂಗ್ ಹಾಕಿ ಬಿಟ್ಟೆ. ನಿಘಂಟು ಎರಡು ದಿನದಿಂದ ಸರ್ಕಸ್ಸಿನ ಕಥೆ ಕೇಳುತ್ತಿದೆ. ಇರುವೆ ಮಾತಾಡಿದಷ್ಟು ಸಣ್ಣಗೆ ಅವಳ ಧ್ವನಿ ಹೊರಗೆ ಸೋರುತ್ತದೆ. ಅದು ಬರುತ್ತಿದ್ದರೆ ಪಾತ್ರೆ ತೊಳೆಯುವುದು ಸುಲಭ.

ಮಧ್ಯಾಹ್ನ ನಿಘಂಟಿನಿಂದ ಬಿಡಿಸಿ ನಾನು ಹಾಕಿಕೊಂಡೆ.

"ಅಧ್ಯಾಯ ಒಂದು. ಏಪ್ರಿಲ್ ಇಪ್ಪತ್ತೆರಡು" ಅಂದಳು.

"ಏನೇ?" ಅಂತ ನಾನು ಹಿಂದೆ ತಿರುಗಿಬಿಟ್ಟೆ. ಕುರ್ಚಿ ಉರುಳಿತು. ಮೇಜು ಹಿಡಿದು ನಿಂತೆ. ಹಿಂದೆ ಗೋಡೆ. ಗೋಡೆಯಲ್ಲಿ ಮೊಳೆ. ಇಷ್ಟು ಹತ್ತಿರದಿಂದ ಅವಳು ಬದುಕಿದ್ದಾಗಲೂ ನನ್ನೊಡನೆ ಮಾತಾಡಿರಲಿಲ್ಲ ಅನ್ನಿಸಿತು. ತುಟಿ ಒದ್ದೆ ಮಾಡಿಕೊಳ್ಳುವುದು ಕೇಳುತ್ತದೆ. ಹಾಳೆ ತಿರುಗಿಸುವ ಮೊದಲು ಬೆರಳು ಅದರ ಮೂಲೆ ಹುಡುಕುವುದು ಕೇಳುತ್ತದೆ. ಕೈಗಡಿಯಾರದ ಪಟ್ಟಿ ಮೇಜಿನ ಅಂಚಿಗೆ ತಾಗುವುದು ಕೂಡ.

ಮೂರನೆಯ ನಿಮಿಷದಲ್ಲಿ ಎಲ್ಲಿಂದಲೋ ಒಬ್ಬ ಗಂಡಸು ಕೂಗಿದ. "ಏನೇ, ನನ್ನ ಕನ್ನಡಕ ನೋಡಿದ್ಯಾ?" ಒರಟು ಧ್ವನಿ. ಯಾರಪ್ಪಾ ಇವನು ಅಂತ ನಿಜಕ್ಕೂ ಒಂದು ಕ್ಷಣ ಯೋಚಿಸಿದೆ.

ಟಕ್ ಟಕ್.

ಜೂನ್ ೮, ಭಾನುವಾರ

ಮಗಳು, ಅಳಿಯ, ಮೊಮ್ಮಗಳು ಚಿಟ್ಟು ಬಂದಿದ್ದರು. ಏಳು ಅಧ್ಯಾಯದ ಪಟ್ಟಿ ತೋರಿಸಿದೆ. ಗ್ರಂಥಾಲಯದ ನಮೂನೆಯಲ್ಲಿ ಕಾರಣ ಅಂತ ಒಂದು ಸಾಲಿದೆ, ಅದರಲ್ಲಿ ನಾಲ್ಕು ಮನೆ: ತಪ್ಪು ಓದು, ಹೊರಗಿನ ಶಬ್ದ, ಕೆಮ್ಮು, ಇತರೆ. ಒಟ್ಟು ಅರವತ್ತಮೂರು ಟಕ್ ಟಕ್. ಅದರಲ್ಲಿ ಹೊರಗಿನ ಶಬ್ದ ಐವತ್ತೊಂದು.

"ಇಷ್ಟೊಂದು ಏನು ಶಬ್ದ ಮಾವ, ಪಕ್ಕದಲ್ಲಿ ಕಟ್ಟಡ ಕಟ್ತಿದ್ರಾ?" ಅಂದ ಅಳಿಯ.

"ಕಟ್ಟಡ ಅಲ್ಲ, ಅಪ್ಪ" ಅಂದಳು ಮಗಳು.

ಹೌದು. ಐವತ್ತೊಂದರಲ್ಲಿ ಎರಡು ಕುಕ್ಕರ್, ಒಂದು ಕಾಗೆ. ಉಳಿದದ್ದು ನಾನು. ಕನ್ನಡಕ ಕೇಳುವುದು, ಪತ್ರಿಕೆ ಗಟ್ಟಿಯಾಗಿ ಓದಿ ಹೇಳುವುದು, ಹಾಡುವುದು, ಸುಮ್ಮನೆ ಬಾಗಿಲು ತೆಗೆದು "ಇನ್ನೂ ಮುಗಿದಿಲ್ವಾ?" ಅನ್ನುವುದು. ಕೇಳಿ ನಗಬೇಕು ಅಂದುಕೊಂಡೆ, ಆಗಲಿಲ್ಲ. ನನ್ನ ಮೇಲೆ ಯಾರೋ ಹನ್ನೊಂದು ವರ್ಷ ಗುಟ್ಟಾಗಿ ಕಣ್ಣಿಟ್ಟಂತಿದೆ. ಈಗ ನನ್ನ ಧ್ವನಿ ಶುರುವಾದ ಕೂಡಲೇ ಗುಂಡಿ ಒತ್ತಿ ಮುಂದಕ್ಕೆ ಓಡಿಸಿಬಿಡುತ್ತೇನೆ. ಸಮಯ ಬರೆದುಕೊಂಡರೆ ಸಾಕಲ್ಲ, ಆ ಗಂಡಸನ್ನು ಪೂರ್ತಿ ಕೇಳಬೇಕು ಅಂತ ಯಾವ ನಿಯಮವೂ ಇಲ್ಲ.

"ಅಮ್ಮ ಹೇಳ್ತಿದ್ಲು," ಅಂದಳು ಮಗಳು, "ನಿಮ್ಮಪ್ಪ ಮನೇಲಿದ್ರೆ ಒಂದು ಪುಟಕ್ಕೆ ಎರಡು ಪುಟದ ಹೊತ್ತು ಬೇಕು ಅಂತ."

"ನನಗೆ ಒಂದು ದಿನವೂ ಹೇಳಲಿಲ್ಲವಲ್ಲ!"

"ಹೇಳಿರ್ತಾಳೆ ಅಪ್ಪಾ."

ಚಿಟ್ಟು ಮೆಟ್ಟಿಲು ಇಳಿಯುವಾಗ ಎತ್ತಿಕೊಳ್ಳಲು ಹೋದೆ. "ಬೇಡ, ನಡೀತಾಳೆ" ಅಂತ ಮಗಳು ಅಡ್ಡ ಬಂದಳು. ಎರಡು ಮಹಡಿ, ಒಂದೊಂದೇ ಮೆಟ್ಟಿಲು, ಇಷ್ಟೇ ಇಷ್ಟು ಕಾಲು. ಯಾರಿಗೂ ಎತ್ತಿಕೊಳ್ಳಲು ಬಿಡುವುದಿಲ್ಲ ಅವಳು. ಯಾಕೆಂದು ನನಗೆ ಗೊತ್ತು. ಮಗು ಹುಟ್ಟಿದ ಮೇಲೆ ಎಂಟು ತಿಂಗಳು ನಮ್ಮವಳು ದಿನಾ ಅವರ ಮನೆಗೆ ಹೋಗಿ ನೋಡಿಕೊಂಡಳು. ನಾಲ್ಕನೆಯ ಮಹಡಿ, ಲಿಫ್ಟ್ ಇಲ್ಲ, ಕಂಕುಳಲ್ಲಿ ಕೂಸು. ಏದುಸಿರು ಬಿಟ್ಟರೆ ಸುಸ್ತು ಅಂದುಕೊಂಡೆವು. ಹೋದ ಜುಲೈನಲ್ಲಿ ಶ್ವಾಸಕೋಶದ ಚಿತ್ರ ತೆಗೆದಾಗ ಡಾಕ್ಟರು, "ಒಂದು ವರ್ಷ ಮುಂಚೆ ಬಂದಿದ್ದರೆ ಮಾಡೋಕೆ ಏನಾದ್ರೂ ಇರ್ತಿತ್ತು" ಅಂದರು. ಆ ಒಂದು ವರ್ಷವನ್ನು ಮಗಳು ತನ್ನ ಕೂಸಿನ ಲೆಕ್ಕಕ್ಕೆ ಹಾಕಿಕೊಂಡಳು. ಮಗು ಹೊತ್ತು ಹೊತ್ತೇ ಅಮ್ಮನ ಎದೆ ಹೋಯಿತು, ಮಗುವಿನ ನೆಪದಲ್ಲೇ ರೋಗ ಮುಚ್ಚಿಹೋಯಿತು ಅಂತ. ಅಕ್ಟೋಬರಿನಲ್ಲಿ ಎಲ್ಲಾ ಮುಗಿಯಿತು.

ಇವತ್ತೂ ಹೇಳಿದೆ, ಬಂದವರಿಗೆಲ್ಲ ಹೇಳುವುದನ್ನೇ: "ಏಕಾಏಕಿ ಬಂತಮ್ಮ, ಯಾರ ತಪ್ಪೂ ಅಲ್ಲ." ಇಂಗ್ಲಿಷಿನಲ್ಲಿ ಇದಕ್ಕೆ ಔಟ್ ಆಫ್ ದಿ ಬ್ಲೂ ಅನ್ನುತ್ತಾರೆ. ಬ್ಲೂ ಆದಮೇಲೆ ಇನ್ನೊಂದು ಪದ ಇದೆ, ಆಕಾಶ ಇರಬೇಕು. ಅವಳು ತಲೆಯಾಡಿಸಿದಳು. ನಂಬಿ ಅಲ್ಲ, ನನ್ನ ಬಾಯಿ ಮುಚ್ಚಿಸಲು.

ಜೂನ್ ೧೧, ಬುಧವಾರ

ಹೆಡ್‌ಫೋನಿನಲ್ಲಿ ದೋಷ ಇದೆ.

ಹನ್ನೆರಡನೆಯ ಅಧ್ಯಾಯ, ಜೂನ್ ಎರಡು ಅಂತ ಹೇಳಿ ಶುರುಮಾಡುತ್ತಾಳೆ. ಓದಿದ ದಿನದ ತಾರೀಖು ಅದು, ಎರಡು ವರ್ಷದ ಹಿಂದಿನ ಜೂನ್. "ಆನೆಗೆ ಹಸಿವಾದರೆ ಇಡೀ ಡೇರೆಗೆ ಗೊತ್ತಾಗುತ್ತದೆ, ಹುಲಿಗೆ ಹಸಿವಾದರೆ ಅಡುಗೆಯವನಿಗೆ ಮಾತ್ರ" ಅಂತ ಒಂದು ವಾಕ್ಯ. ಅವಳು "ಆನೆಗೆ ಹಸಿವಾದರೆ ಇಡೀ" ಅಂದು ನಿಲ್ಲುತ್ತಾಳೆ. ಅಲ್ಲಿ ನಿಲ್ಲುವಂಥದ್ದು ಏನೂ ಇಲ್ಲ, ಪುಸ್ತಕ ತೆಗೆದು ನೋಡಿದೆ, ಅಲ್ಪವಿರಾಮ ಕೂಡ ಇಲ್ಲ. ಸಣ್ಣಗೆ, ಕಾಗದದ ಚೀಲ ಮಡಚಿದಂಥ ಒಂದು ಸದ್ದು. ಆಮೇಲೆ "ಡೇರೆಗೆ." ಟಕ್ ಟಕ್. ಮತ್ತೆ ಮೊದಲಿನಿಂದ. ಆ ಹೊತ್ತಿನಲ್ಲಿ ಕಾಗೆ ಇಲ್ಲ, ಕುಕ್ಕರ್ ಇಲ್ಲ, ನಾನೂ ಇಲ್ಲ. ಓದಿನಲ್ಲಿ ತಪ್ಪಿಲ್ಲ. ಮತ್ತೆ ಯಾಕೆ ತಟ್ಟಿದಳು?

ಹಾಗೆ ಇದೊಂದು ಅಧ್ಯಾಯದಲ್ಲಿ ಹನ್ನೊಂದು.

ಮಗಳಿಂದ ನಂಬರ್ ತೆಗೆದುಕೊಂಡು ಅಂಗಡಿಗೆ ಫೋನ್ ಮಾಡಿದೆ. ಧ್ವನಿಯ ಹಿಂದೆ ಇನ್ನೊಂದು ಸದ್ದು ಬರುತ್ತಿದೆ, ಚರಚರ ಅಲ್ಲ, ಸುಯ್ ಅಂತಲೂ ಅಲ್ಲ, ಅಂತ ಸ್ವಲ್ಪ ವಿವರವಾಗಿಯೇ ಹೇಳಿದೆ. ಎಲ್ಲ ಕೇಳಿ ಅಂಗಡಿಯವನು, "ಸಾರ್, ಹೆಡ್‌ಫೋನು ಇರೋ ಶಬ್ದ ನುಂಗಬಹುದು, ಇಲ್ಲದ ಶಬ್ದ ಹುಟ್ಟಿಸಲ್ಲ. ಎಷ್ಟು ಗಂಟೆ ಆಯ್ತು?" ಅಂದ.

"ಎಪ್ಪತ್ತು."

"ನೂರು ಆಗಲಿ, ಆಮೇಲೆ ನೋಡಿ."

ಇನ್ನೂ ಪಳಗಿಲ್ಲ, ಅದೇ ಕಾರಣ. ಮತ್ತೆ ನಿಘಂಟಿಗೆ ತೊಡಿಸಿದ್ದೇನೆ. ಪ್ರತಿ ಹೊಸ ಯಂತ್ರಕ್ಕೂ ಅದರದೇ ಒಂದು ಮೊಂಡುತನ ಇರುತ್ತದೆ. ನಿಲ್ದಾಣಕ್ಕೆ ಹೊಸ ಮೈಕು ಬಂದಾಗ ಆರು ತಿಂಗಳು ಎಲ್ಲ ಊರಿನ ಹೆಸರೂ ಒಂದೇ ಥರ ಕೇಳುತ್ತಿತ್ತು. ಪ್ರಯಾಣಿಕರು ಮೈಕನ್ನು ಬಿಟ್ಟು ನನ್ನ ಬಳಿಗೇ ಬರುತ್ತಿದ್ದರು.

ಜೂನ್ ೧೪, ಶನಿವಾರ

ನೂರು ಗಂಟೆ ಆಯಿತು.

ಈಗ ಕಚ್ಚುವುದಿಲ್ಲ. ಹಾಕಿದ್ದು ಮರೆತು ಹಾಲು ತರಲು ಕೆಳಗೆ ಹೋಗಿದ್ದೆ. ಅಂಗಡಿಯವನು ಹೇಳಿದ್ದು ಸುಳ್ಳಲ್ಲ, ಧ್ವನಿ ಬಿಚ್ಚಿಕೊಂಡಿದೆ. ಆ ಕಾಗದದ ಚೀಲದ ಸದ್ದೂ ಬಿಚ್ಚಿಕೊಂಡಿದೆ. ಅದು ಅವಳ ಉಸಿರು.

ಹದಿನೇಳನೆಯ ಅಧ್ಯಾಯ, ಜುಲೈ ಒಂಬತ್ತು. ವಾಕ್ಯದ ಮಧ್ಯೆ ಕಟ್ಟುವ ಉಸಿರು ಒಂದು ಪುಟಕ್ಕೆ ಒಂಬತ್ತು. ಕೊನೆಯ ಅಧ್ಯಾಯ, ಆಗಸ್ಟ್ ಇಪ್ಪತ್ತೆರಡು. ಪುಟಕ್ಕೆ ಹದಿನಾಲ್ಕು. ಬೆರಳು ಮಡಚಿ ಎಣಿಸಿದೆ. ಎರಡನೇ ಸಲ ಎಣಿಸುವ ಧೈರ್ಯ ಬರಲಿಲ್ಲ.

ನಮೂನೆಯಲ್ಲಿ ಇದಕ್ಕೆ ಮನೆ ಇಲ್ಲ. ಕೆಮ್ಮಲ್ಲ, ತಪ್ಪು ಓದಲ್ಲ. ಇತರೆ ಅಂತ ಬರೆಯಬೇಕೋ ಏನೋ.

ಜೂನ್ ೧೭, ಮಂಗಳವಾರ

ಬೆಳಿಗ್ಗೆ ಫೋನ್ ಬಂತು. ವಯಸ್ಸಾದ ಹೆಂಗಸಿನ ಧ್ವನಿ, ಪದ ಪದವೂ ಬಿಡಿಬಿಡಿ.

"ಬಾಗಿಲಾಚೆಯವರು ತಾನೇ?"

ಯಾರು ಬೇಕಿತ್ತಮ್ಮಾ ಅಂದೆ. ನಕ್ಕರು. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರಂತೆ, ಹುಟ್ಟಿನಿಂದ ಕಣ್ಣಿಲ್ಲ. ನಮ್ಮವಳ ನಲವತ್ತೂ ಪುಸ್ತಕ ಕೇಳಿದ್ದಾರೆ. ನಾನು ಮೊದಲು ಕೊಟ್ಟ ಪಟ್ಟಿ ಹಿಡಿದು ಕತ್ತರಿ ಐದು ಅಧ್ಯಾಯ ಜೋಡಿಸಿ ಪರೀಕ್ಷೆಗೆ ಅವರಿಗೆ ಕಳಿಸಿದ್ದಾರೆ. ಎಷ್ಟು ಕತ್ತರಿಸಿದರೂ ನಾನು ಒಂದೊಂದು ಕಡೆ ಉಳಿದುಬಿಡುತ್ತೇನಂತೆ, ಅದಕ್ಕೆ ಕೇಳುಗರೆಲ್ಲ ನನಗಿಟ್ಟ ಹೆಸರು ಬಾಗಿಲಾಚೆಯವರು.

ನಾನು ಅದಕ್ಕೊಂದು ತಮಾಷೆಯ ಉತ್ತರ ಕೊಡಬೇಕಿತ್ತು. ಬಾಯಿಗೆ ಬಂತು ಕೂಡ. ಎರಡು ವಾರದಿಂದ ದಿನವಿಡೀ ಕಿವಿ ಮುಚ್ಚಿಕೊಂಡು ಕೂತು ಅಭ್ಯಾಸವಾಗಿದೆಯೋ ಏನೋ, ಹೇಳಲಿಲ್ಲ.

"ಈ ಪುಸ್ತಕದಲ್ಲಿ ಅವರ ಉಸಿರು ಇನ್ನೂ ಸಣ್ಣ ಆಗಿದೆ," ಅಂದರು ಆಪರೇಟರಮ್ಮ. "ಮೊದಲನೇ ಅಧ್ಯಾಯದಲ್ಲೇ ಇದೆ."

"ಮೊದಲನೆಯದರಲ್ಲಾ? ನನಗೆ ಹನ್ನೆರಡರಲ್ಲಿ..."

"ಮೊದಲನೆಯದರಲ್ಲೇ ಇದೆ ಸಾರ್. ಅದರ ಹಿಂದಿನ ಪುಸ್ತಕದ ಕೊನೇಲೂ ಇತ್ತು. ಅದಕ್ಕೇ ಅಲ್ವೇ ನಾನು ಆವಾಗ ಫೋನ್ ಮಾಡಿದ್ದು."

"ಯಾರಿಗೆ ಮಾಡಿದ್ರಿ?"

"ನಿಮಗೇ."

ನನಗೆ ನೆನಪಿಲ್ಲ ಅಂದೆ. ಅವರು ಗಡಿಯಾರ ಓದಿದ ಹಾಗೆ ಹೇಳಿದರು: ಎರಡು ವರ್ಷದ ಹಿಂದೆ, ಜುಲೈ ಐದು, ಬುಧವಾರ, ಹನ್ನೊಂದೂ ಕಾಲು. ಮೂವತ್ತು ವರ್ಷ ಎಕ್ಸ್‌ಚೇಂಜಿನಲ್ಲಿ ಪ್ರತಿ ಕರೆಯ ಸಮಯ ನೆನಪಿಟ್ಟವರು, ಈಗಲೂ ಬಿಡಲಾಗುವುದಿಲ್ಲವಂತೆ.

"ಮೇಡಂ ಸ್ನಾನಕ್ಕೆ ಹೋಗಿದ್ದಾರೆ ಅಂದ್ರಿ. ನಾನು, 'ಅವರ ಉಸಿರಿನ ಬಗ್ಗೆ' ಅಂತ ಶುರುಮಾಡಿದೆ. 'ಹೌದು ಹೌದು, ಅವಳ ಉಸಿರಿನ ಹಿಡಿತ ಎಲ್ಲರೂ ಹೊಗಳ್ತಾರೆ' ಅಂದ್ರಿ. ಆಮೇಲೆ ನೀರಿನ ಟ್ಯಾಂಕಿನ ವಿಷಯ ಬಂತು."

"ಯಾವ ಟ್ಯಾಂಕು?"

"ನಿಮ್ಮ ಟೆರೇಸಿಂದು. ಮುಚ್ಚಳ ಗಾಳಿಗೆ ಹಾರಿ ಪಕ್ಕದ ಕಟ್ಟಡದವರ ಕಾರಿನ ಮೇಲೆ ಕೂತಿತ್ತಂತೆ. ಅವರು ಬೆಳಿಗ್ಗೆ ಅದನ್ನ ಹಾಗೇ ಹೊತ್ಕೊಂಡು ಆಫೀಸಿಗೆ ಹೋಗಿಬಿಟ್ರಂತೆ. ತುಂಬ ಚೆನ್ನಾಗಿ ಹೇಳಿದ್ರಿ ಸಾರ್, ನಾನು ನಕ್ಕೂ ನಕ್ಕೂ... ಇಪ್ಪತ್ತಾರು ನಿಮಿಷ. ಎರಡು ಸಲ ಮಧ್ಯೆ ಬಾಯಿ ಹಾಕಿದೆ. ಜಾಗ ಸಿಗಲಿಲ್ಲ. ಇಷ್ಟು ಖುಷಿಯಾಗಿರೋ ಮನೇಲಿ ಏನಾಗಿರತ್ತೆ, ನನ್ನ ಕಿವಿಯದ್ದೇ ಅನುಮಾನ ಅಂದ್ಕೊಂಡು ಇಟ್ಟುಬಿಟ್ಟೆ. ಇನ್ನೊಂದು ಸಲ ಮಾಡಬೇಕಿತ್ತು. ಮಾಡಲಿಲ್ಲ. ಅದು ನನ್ನ ತಪ್ಪು."

ಅವರೇ ಎರಡು ಸಲ "ಲೈನಲ್ಲಿದ್ದೀರಾ?" ಅಂತ ಕೇಳಿದರು.

ಆಮೇಲೆ ಮೊದಲನೆಯ ಅಧ್ಯಾಯ ಮತ್ತೆ ಹಾಕಿಕೊಂಡೆ. ಐದನೇ ತಾರೀಖು ಕೇಳಿದ್ದೇ, ಅದೇ ಧ್ವನಿ, ಅದೇ ಹಾಳೆಯ ಮೂಲೆ. ಎರಡನೆಯ ಪುಟದಲ್ಲಿ ಇದೆ. ಕೂದಲೆಳೆಯಷ್ಟು. ಇದೆ.

ಜೂನ್ ೧೮, ಬುಧವಾರ

ಇಪ್ಪತ್ತಾರು ನಿಮಿಷ.

ಜೂನ್ ೨೦, ಶುಕ್ರವಾರ

ಜುಲೈ ಐದಕ್ಕೂ ಚಿಟ್ಟು ಹುಟ್ಟಿದ ಸೆಪ್ಟೆಂಬರ್ ಹದಿನಾಲ್ಕಕ್ಕೂ ನಡುವೆ ಎಪ್ಪತ್ತೊಂದು ದಿನ. ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಎಣಿಸಿದೆ. ಡಾಕ್ಟರು ಹೇಳಿದ ಒಂದು ವರ್ಷ ಇದೇ. ಮಗು ಆಗ ಮಗಳ ಹೊಟ್ಟೆಯಲ್ಲಿತ್ತು, ಯಾರ ಕಂಕುಳಿಗೂ ಬಂದಿರಲಿಲ್ಲ. ಇದು ಗೊತ್ತಾದರೆ ಮಗಳು ತನ್ನ ತಲೆಯ ಮೇಲಿನ ಕಲ್ಲು ಇಳಿಸಬಹುದು. ಇಳಿಸಿ ಎಲ್ಲಿ ಇಡುತ್ತಾಳೆ ಅನ್ನುವುದೂ ಗೊತ್ತು.

ಕತ್ತರಿ ಫೋನ್ ಮಾಡಿದ್ದರು.

"ಪಟ್ಟಿ ಎಲ್ಲಿಗೆ ಬಂತು ಸಾರ್?"

"ಆಯ್ತು. ಕತ್ತರಿಸಿದ ಮೇಲೆ ಮೂಲದ್ದು ಏನ್ಮಾಡ್ತೀರಿ?"

"ಅಳಿಸಿಬಿಡ್ತೀವಿ. ನಮ್ಮಲ್ಲಿ ಜಾಗ ಎಲ್ಲಿ? ಯಾಕೆ ಸಾರ್, ಧ್ವನಿ ಯಾಕೋ ಒಂಥರಾ ಇದೆ. ಹುಷಾರಿಲ್ವಾ?"

ಇಲ್ಲ, ಚೆನ್ನಾಗಿದ್ದೇನೆ ಅಂದೆ. ಇಟ್ಟ ಮೇಲೆ ಮೇಜಿಗೆ ಹೋಗಿ, ಆ ಉಸಿರುಗಳೆದುರು ಒಂದೊಂದಾಗಿ 'ಹೊರಗಿನ ಶಬ್ದ' ಅಂತ ಬರೆದೆ. ಒಂದು ಹಾಳೆ ಪೂರ್ತಿ. ಯಾರು ಕೇಳುತ್ತಾರೆ? ಕತ್ತರಿ ಕತ್ತರಿಸುತ್ತಾರೆ, ಅಳಿಸುತ್ತಾರೆ, ಆಪರೇಟರಮ್ಮ ಒಳ್ಳೆಯವರು, ಯಾರಿಗೂ ಹೇಳುವವರಲ್ಲ. ಏಕಾಏಕಿ ಅನ್ನುವ ಪದ ಇದ್ದಲ್ಲೇ ಇರುತ್ತದೆ. ಬಂದವರಿಗೆ ಹೇಳಲು ಅನುಕೂಲ.

ಬರೆದು ಮುಗಿಸಿ ಹಾಳೆಯನ್ನು ಒಮ್ಮೆ ಓದಿದೆ. ರಬ್ಬರ್ ಹುಡುಕಿ ಎಲ್ಲವನ್ನೂ ಅಳಿಸಿದೆ. ಹಾಳೆ ಒಂದು ಕಡೆ ತೂತಾಯಿತು. ಎಲ್ಲದರ ಎದುರು 'ಉಸಿರು' ಅಂತ ಬರೆದೆ. ನಮೂನೆಗೆ ಸರಿಹೊಂದದಿದ್ದರೆ ನಮೂನೆ ಬದಲಾಯಿಸಿಕೊಳ್ಳಲಿ.

ಮಗಳಿಗೆ ಭಾನುವಾರ ಒಬ್ಬಳೇ ಬಾ ಅಂದಿದ್ದೇನೆ.

ಜೂನ್ ೨೨, ಭಾನುವಾರ

ಮೂರು ಗಂಟೆಗೆ ಬಂದಳು. ಬಾಗಿಲಲ್ಲೇ, "ಏನಪ್ಪಾ, ಎದೆನೋವಾ?" ಅಂದಳು.

ಎರಡು ದಿನ ಅಭ್ಯಾಸ ಮಾಡಿಟ್ಟ ಪೀಠಿಕೆ ಇತ್ತು, ಎಕ್ಸ್‌ಚೇಂಜಿನಿಂದ ಶುರುವಾಗುವಂಥದ್ದು. ಬಿಟ್ಟೆ. "ನಿನ್ನ ಅಮ್ಮನ ಉಸಿರು ಚಿಟ್ಟು ಹುಟ್ಟೋಕೆ ಮುಂಚೆಯೇ ಕೆಟ್ಟಿತ್ತು. ಎಪ್ಪತ್ತೊಂದು ದಿನ ಮುಂಚೆ ಒಬ್ಬರು ಅದನ್ನ ಹೇಳೋಕೆ ಫೋನ್ ಮಾಡಿದ್ರು. ಫೋನ್ ಎತ್ತಿದ್ದು ನಾನು. ಹೇಳೋಕೆ ಬಿಡಲಿಲ್ಲ" ಅಂದೆ.

ಪಟ್ಟಿ ಕೊಟ್ಟೆ. ಅವಳು ನಿಂತೇ ಓದಿದಳು. ಮೊದಲ ಹಾಳೆ, ಎರಡನೆಯದು, ತೂತಾದ ಹಾಳೆ. ಓದಿ ಮುಗಿಸಿ ಮತ್ತೆ ಮೊದಲ ಹಾಳೆಗೆ ಹೋದಳು.

"ಏನು ಮಾತಾಡಿದ್ರಿ ಅವರ ಹತ್ರ?"

"ಟ್ಯಾಂಕಿನ ಮುಚ್ಚಳ."

"ಟ್ಯಾಂಕಿನ ಮುಚ್ಚಳ," ಅಂದಳು. "ನನಗೂ ಹೇಳಿದ್ರಿ ಅದನ್ನ. ನಾಲ್ಕು ಸಲ." ಆಮೇಲೆ ಅವಳಿಗೆ ಅಳು ಒಡೆದುಬಂತು. "ಒಂದು ವರ್ಷದಿಂದ ಅಪ್ಪಾ, ನನ್ನ ಮಗು ತೋಳು ಚಾಚಿದ್ರೆ ನನಗೆ ಭಯ ಆಗ್ತಿತ್ತು. ಎರಡು ಹೆಜ್ಜೆ ಹಿಂದೆ ಹೋಗ್ತಿದ್ದೆ. ನನ್ನ ಮಗು!"

ಕ್ಷಮಿಸು ಅನ್ನಲಿಲ್ಲ. ಅಂದಿದ್ದರೂ ಅದು ಇನ್ನೊಂದು ಮಾತಾಗುತ್ತಿತ್ತು, ಅಷ್ಟೇ. ಅವಳು ಹೆಡ್‌ಫೋನ್, ರೆಕಾರ್ಡರ್ ಎತ್ತಿಕೊಂಡು ಚಿಕ್ಕ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಇತ್ತ ಕೂತೆ. ಒಂದು ಸಲ ಬಾಗಿಲು ತೆರೆದು, "ಹಿಂದಕ್ಕೆ ಓಡಿಸೋದು ಹೇಗೆ?" ಅಂದಳು. "ಎಡಗಡೆ ಗುಂಡಿ" ಅಂದೆ. ಮುಚ್ಚಿಕೊಂಡಳು.

ಮುಕ್ಕಾಲು ಗಂಟೆ ಆದ ಮೇಲೆ ಹೊರಬಂದಳು. ಅಳು ನಿಂತಿತ್ತು, ಬೇರೇನೋ ಇತ್ತು ಮುಖದಲ್ಲಿ, ಕತ್ತಲಲ್ಲಿ ಮೆಟ್ಟಿಲು ಲೆಕ್ಕ ತಪ್ಪಿದವರಂತೆ.

"ಇಲ್ಲಿ ಹೊರಗಿನ ಶಬ್ದ ಅಂತ ಬರೆದಿದ್ದೀರಲ್ಲ, ಹದಿನಾಲ್ಕನೇ ಅಧ್ಯಾಯ. ಪೂರ್ತಿ ಕೇಳಿದ್ರಾ ಇದನ್ನ?"

"ಇಲ್ಲ. ನನ್ನ ಧ್ವನಿ ಬಂದ ತಕ್ಷಣ ಮುಂದೆ ಓಡಿಸ್ತಿದ್ದೆ."

ಏನೂ ಹೇಳದೆ ಹೆಡ್‌ಫೋನನ್ನು ನನ್ನ ತಲೆಗೆ ಹಾಕಿದಳು.

ನಮ್ಮವಳು ಓದುತ್ತಿದ್ದಾಳೆ. ವಾಕ್ಯದ ಮಧ್ಯೆ ಉಸಿರು ಕಟ್ಟುತ್ತದೆ. ಟಕ್ ಟಕ್. ಓದುವುದಿಲ್ಲ. ಕುರ್ಚಿ ಹಿಂದಕ್ಕೆ ಸರಿಯುತ್ತದೆ. ಆಮೇಲೆ ದೊಡ್ಡದಾಗಿ, ಬಾಗಿಲ ಕಡೆಗೆ ತಿರುಗಿ, "ರೀ! ಆವತ್ತು ಬಾಗಿಲು ಹೊತ್ಕೊಂಡು ಬಸ್ ಹತ್ತಿದನಲ್ಲ, ಅವನ ಕಥೆ ಏನು?" ಅನ್ನುತ್ತಾಳೆ. ಇತ್ತಲಿಂದ ನಾನು ಶುರುಮಾಡುತ್ತೇನೆ. "ಅಯ್ಯೋ ಅವನಾ? ರಣರಣ ಬಿಸಿಲು, ತಲೆ ಮೇಲೆ ಬಾಗಿಲು, ಚಿಲಕದ ಸಮೇತ..."

ಏಳು ನಿಮಿಷ ಹೇಳುತ್ತೇನೆ. ಆ ಏಳು ನಿಮಿಷ, ಅಲ್ಲೇ ಕಿವಿಯ ಪಕ್ಕದಲ್ಲಿ, ಅವಳು ಉಸಿರಾಡುತ್ತಾಳೆ. ಮೊದಲು ಗರಗಸದಲ್ಲಿ ಕೊಯ್ದ ಹಾಗೆ. ಎಳೆದು, ಎಳೆದು. ನನ್ನ ಕಥೆಯಲ್ಲಿ ಕಂಡಕ್ಟರು ಬಾಗಿಲಿಗೂ ಟಿಕೆಟ್ ಕೇಳುವಷ್ಟರಲ್ಲಿ ಸ್ವಲ್ಪ ನಿಧಾನ. ಕೊನೆಗೆ ನಾನು ನನ್ನ ಮಾತಿಗೆ ನಾನೇ ನಗುವಾಗ ಉಸಿರು ಸಮ ಆಗಿದೆ. "ಸರಿ ರೀ, ಮಿಕ್ಕಿದ್ದು ಆಮೇಲೆ" ಅನ್ನುತ್ತಾಳೆ. ಹಾಳೆ ತಿರುಗುತ್ತದೆ. ಓದುತ್ತಾಳೆ, ಒಂದು ಪುಟ, ಎಲ್ಲೂ ನಿಲ್ಲದೆ.

ಆ ದಿನ ನೆನಪಿದೆ ನನಗೆ. ಕೆಲಸದ ಮಧ್ಯೆಯೂ ನನ್ನ ಕಥೆ ಬೇಕು ಅನ್ನುತ್ತಾಳಲ್ಲ ಅಂತ ಎಷ್ಟು ಹಿಗ್ಗಿದ್ದೆ.

ಹೆಡ್‌ಫೋನ್ ತೆಗೆದೆ. "ಎಷ್ಟು ಸಲ ಇದೆ ಇದು?" ಅಂತ ಕೇಳಿದಳು ಮಗಳು.

"ಗೊತ್ತಿಲ್ಲ."

"ನಮ್ಮಿಬ್ಬರಿಗೂ ಹೇಳಲಿಲ್ಲ ಅವಳು. ನನಗೆ ಕಾಣದ ಹಾಗೆ ಮಗು ಮರೆಗೆ ನಿಂತ್ಲು, ನಿಮಗೆ ಕೇಳದ ಹಾಗೆ ನಿಮ್ಮ ಮಾತಿನ ಮರೆಗೆ." ಮೂಗು ಒರೆಸಿಕೊಂಡಳು. "ನಿಮ್ಮ ಮೇಲೆ ನನಗೆ ಇನ್ನೂ ಸಿಟ್ಟಿದೆ."

"ಇರಲಿ."

"ಕೂತ್ಕೊಳ್ಳಿ. ಮೊದಲಿಂದ ನೋಡೋಣ."

ಈಗ ಪಕ್ಕದ ಕುರ್ಚಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾಳೆ. ಪಟ್ಟಿ ಹಿಡಿದು ಹೊರಗಿನ ಶಬ್ದ ಇರುವ ಕಡೆಗಷ್ಟೇ ಹೋಗುತ್ತಾಳೆ, ಆದರೆ ನನ್ನ ಧ್ವನಿಯನ್ನು ಎಲ್ಲೂ ಓಡಿಸುತ್ತಿಲ್ಲ. ಅಮ್ಮ ಬಾಗಿಲ ಕಡೆ ತಿರುಗಿ ನನ್ನನ್ನು ಕರೆದಾಗೆಲ್ಲ ಬೆರಳೆತ್ತುತ್ತಾಳೆ, ನಾನು ಇಲ್ಲೇ ಅಂಚಿನಲ್ಲಿ ಒಂದು ಗೆರೆ ಎಳೆಯುತ್ತೇನೆ. ನಡುನಡುವೆ ಇದನ್ನು ಬರೆಯುತ್ತಿದ್ದೇನೆ. ಹತ್ತೊಂಬತ್ತು ಗೆರೆ ಆಗಿದೆ. ಇನ್ನೂ ಹದಿನಾರನೆಯ ಅಧ್ಯಾಯ. ಒಂದು ಕಡೆ ಮಗಳು ನಕ್ಕಳು, ಕಣ್ಣು ಮುಚ್ಚಿಕೊಂಡೇ. ಯಾವ ಕಥೆಗೆ ಅಂತ ಕೇಳಲಿಲ್ಲ.

ಮತ್ತೆ ಬೆರಳು. ಇಪ್ಪತ್ತು. ಗೆರೆ ಎಳೆದೆ, ಹಿಂದಿನದರ ಮೇಲೇ ಬಿತ್ತೋ ಏನೋ. ಬೆಳಕು ಹೋಗುತ್ತಿದೆ, ಕಾಣುತ್ತಿಲ್ಲ.